ಹೇಳಿದವರಾರು? ಹೇಳಿದುದೇನು?

ಹೊಸಪೇಟೆಯ ಕಡೆಯಿಂದ ಹಂಪೆಗೆ ಬಂದವರು ಕಮಲಾಪುರದಿಂದ ತಳವಾರಘಟ್ಟಕ್ಕೆ ಸಾಗುವ ದಾರಿಯಲ್ಲಿ ಒಂದು ಕಂಬಸಾಲೆಯನ್ನು ಕಾಣುವರು. ಗುಮ್ಮಟವಿಲ್ಲ, ಮಿನಾರವಿಲ್ಲ, ಕಂಬಗಳೂ ವಿಜಯನಗರದ ಮಂಟಪಗಳ ಕಂಬಗಳಂತೆಯೇ. ಇಮ್ಮಡಿ ದೇವರಾಯನ ಸೇವಕನಾದ ಅಹಮದ್ ಖಾನನು ಅರಸನಿಗೆ ಪುಣ್ಯವಾಗಲೆಂದು 1439ರಲ್ಲಿ ಇದನ್ನು ಕಟ್ಟಿಸಿದನು. ಅಲ್ಲಿನ ಕನ್ನಡ ಶಾಸನವು ಇದನ್ನು ಧರ್ಮಸಾಲೆಯೆನ್ನುತ್ತದೆ. ಆದರೆ ಇದು ಮಸೀದಿ. ಹೆಸರನ್ನೂ ಹೊರರೂಪವನ್ನೂ ನಂಬಿದವನು ಅದನ್ನು ಅರಿಯದೆಯೇ ಮುಂದೆ ಹೋಗಿಬಿಡುವನು.

ಧರ್ಮಜ್ಞಾನವನ್ನು ಅರಸುವಾಗಲೂ ಈ ಬಗೆಯ ಮೋಸವುಂಟು. ಹೇಳಿದವನು ನಮ್ಮ ಪಂಥದವನಲ್ಲ, ಕಿರಿಯನು, ಬಡವನು ಎಂದು ಮಾತನ್ನೇ ತಳ್ಳಿಬಿಡುತ್ತೇವೆ. ಇಸ್ಲಾಂ ಪರಂಪರೆಯ ಒಂದು ಪ್ರಸಿದ್ಧ ಕಥೆ ಇದಕ್ಕೆ ನೇರವಾದ ಉತ್ತರ. ರಂಜಾನಿನ ದಾನದ ಧಾನ್ಯಕ್ಕೆ ಅಬೂ ಹುರೈರರು ಕಾವಲಿದ್ದರು. ಇರುಳಿನಲ್ಲಿ ಒಬ್ಬನು ಬಂದು ಧಾನ್ಯವನ್ನು ಬಾಚತೊಡಗಿದನು. ಹಿಡಿದಾಗ ಬಡತನವನ್ನು ಹೇಳಿಕೊಂಡು ಬಿಡಿಸಿಕೊಂಡನು, ಮರುದಿನವೂ ಹಾಗೆಯೇ. ಮೂರನೆಯ ಇರುಳು, ಮಲಗುವಾಗ ಕುರಾನಿನ ಆಯತುಲ್ ಕುರ್ಸಿಯನ್ನು ಪಠಿಸಿದರೆ ಬೆಳಗಿನವರೆಗೆ ರಕ್ಷಣೆಯುಂಟೆಂದು ಕಲಿಸಿ ಬಿಡುಗಡೆ ಪಡೆದನು. ಪ್ರವಾದಿಯವರು ಇದನ್ನು ಕೇಳಿ, ಅವನು ಸುಳ್ಳುಗಾರನಾದರೂ ಈ ಮಾತು ದಿಟವೆಂದರು. ಬಂದಿದ್ದವನು ಸೈತಾನನೆಂದೂ ತಿಳಿಸಿದರು. ಕಳ್ಳನ ಮಾತೆಂದು ಅದನ್ನು ಎಸೆಯಲಿಲ್ಲ. ಕಳ್ಳನು ಹೇಳಿದನೆಂಬಷ್ಟರಿಂದಲೇ ನಂಬಲೂ ಇಲ್ಲ, ಬಲ್ಲವರಲ್ಲಿ ಒರೆಗೆ ಹಚ್ಚಿದರು.

1111ರಲ್ಲಿ ತೀರಿಕೊಂಡ ಗಜ್ಜಾಲಿಯವರು ಇದಕ್ಕೆ ಒಳ್ಳೆಯ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಕೆಟ್ಟ ರಕ್ತವನ್ನು ತೆಗೆಯುವ ಬಟ್ಟಲಿನಲ್ಲಿ ಜೇನನ್ನು ಹೊಯ್ದರೆ ಮನಸ್ಸು ಹೇಸುತ್ತದೆ, ಜೇನಿಗೇನೂ ಕೇಡಿಲ್ಲ.

ಹಾಗಾದರೆ ಹದೀಸಿನ ಪಂಡಿತರು ಹೇಳಿದವರ ಜೀವನವನ್ನೆಲ್ಲ ಏಕೆ ಶೋಧಿಸಿದರು ಎಂದು ಕೇಳಬಹುದು. ಯುಕ್ತಿಯ ಮಾತು ನಮ್ಮ ಮುಂದೆಯೇ ಇರುತ್ತದೆ, ನಾವೇ ತೂಗಬಹುದು. ನಡೆದುದರ ವಾರ್ತೆಗೆ ಸಾಕ್ಷಿ ಬೇಕು. ಸಾಕ್ಷಿಯ ನೆನಪನ್ನೂ ಸತ್ಯಸಂಧತೆಯನ್ನೂ ನೋಡಲೇಬೇಕು. ಆದರೆ ನೋಡಬೇಕಾದುದು ಅಷ್ಟೇ. ಈ ವಿಷಯದಲ್ಲಿ 870ರಲ್ಲಿ ತೀರಿಕೊಂಡ ಇಮಾಮ್ ಬುಖಾರಿಯವರ ಧೈರ್ಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಇಮ್ರಾನ್ ಬಿನ್ ಹಿತ್ತಾನನು ಖಾರಿಜೀ ಪಂಥದ ಕವಿ. ಹಜರತ್ ಅಲಿಯವರನ್ನು ಕೊಂದವನನ್ನು ಹೊಗಳಿ ಪದ್ಯ ಕಟ್ಟಿದವನು. ಆದರೂ ಅವನ ಮೂಲಕ ಬಂದ ವಾರ್ತೆಗೆ ಬುಖಾರಿಯವರು ತಮ್ಮ ಸಂಗ್ರಹದಲ್ಲಿ ಎಡೆಗೊಟ್ಟರು. ಮುಂದಿನ ಪಂಡಿತರಲ್ಲಿ ಕೆಲವರು ಇದನ್ನು ಆಕ್ಷೇಪಿಸಿದರು; ಸುಳ್ಳಾಡುವುದನ್ನು ಖಾರಿಜೀಗಳು ಮಹಾಪಾಪವೆಂದೆಣಿಸುತ್ತಿದ್ದರೆಂದು ಮತ್ತೆ ಕೆಲವರು ಸಮರ್ಥಿಸಿದರು.