ಬಾಯಿಲ್ಲದ ಯೀಸ್ಟ್ ಉಣ್ಣುವ ಬಗೆ

ಬ್ರೆಡ್ ಹಿಟ್ಟನ್ನು ಉಬ್ಬಿಸುವ ಯೀಸ್ಟ್‌ಗೆ ಬಾಯಿಲ್ಲ. ಸುಮಾರು 5 ಮೈಕ್ರಾನ್ ಅಗಲದ ಈ ಒಂಟಿ ಕೋಶ ಬೇಕಾದ್ದನ್ನೆಲ್ಲ ಹೊರಪೊರೆಯ ಮೂಲಕವೇ ಒಳಗೆ ತಂದುಕೊಳ್ಳಬೇಕು.

ಗ್ಲೂಕೋಸ್‌ನ ದಾರಿ ಸಲೀಸು: ಪೊರೆಯಲ್ಲಿ ನಾಟಿಕೊಂಡ ಸಾಗಣೆ ಪ್ರೋಟೀನುಗಳು ಅದನ್ನು ದಾಟಿಸುತ್ತವೆ. ನಾವು ಚಹಾಕ್ಕೆ ಹಾಕುವ ಸಕ್ಕರೆ ಸಿಕ್ಕರೆ, ಇನ್ವರ್ಟೇಸ್ ಎಂಬ ಕಿಣ್ವ ಅದನ್ನು ಬಹುಪಾಲು ಪೊರೆಯ ಹೊರಗೇ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ.

ಇನ್ನೊಂದು ದಾರಿಯಲ್ಲಿ ಪೊರೆಯೇ ಒಳಕ್ಕೆ ಕುಳಿಬಿದ್ದು, ಪುಟ್ಟ ಚೀಲವಾಗಿ ಕಳಚಿಕೊಳ್ಳುತ್ತದೆ. ಇದೇ ಎಂಡೊಸೈಟೋಸಿಸ್. ಕೋಶದೊಳಗಿನ ಒತ್ತಡ ಪೊರೆಯನ್ನು ಅದರ ಹೊರಗಿನ ಕೋಶಗೋಡೆಗೆ ಅದುಮಿ ಹಿಡಿದಿರುವುದರಿಂದ ಇದು ಸುಲಭದ ಕೆಲಸವಲ್ಲ. ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಜಾಲ ಕಟ್ಟಿ ಕುಳಿಯನ್ನು ಒಳಕ್ಕೆ ನೂಕುತ್ತವೆ. ಬೇಡವಾದ ಸಾಗಣೆ ಪ್ರೋಟೀನುಗಳೂ ಯುಬಿಕ್ವಿಟಿನ್ ಎಂಬ ಗುರುತು ಅಂಟಿಸಿಕೊಂಡು ಇದೇ ಚೀಲಗಳಲ್ಲಿ ಒಳಹೋಗಿ ಜೀರ್ಣವಾಗುತ್ತವೆ.

ಈ ಪಯಣವನ್ನು ಕಣ್ಣಾರೆ ನೋಡಬಹುದು. ಎಫ್‌ಎಂ 4-64 ಎಂಬ ಬಣ್ಣ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೊದಲು ಕೋಶದ ಅಂಚು ಕೆಂಪಾಗಿ ಹೊಳೆಯುತ್ತದೆ. ಕೆಲವೇ ನಿಮಿಷಗಳಲ್ಲಿ ಒಳಗೆ ಚುಕ್ಕೆಗಳು ಮೂಡುತ್ತವೆ. ಸುಮಾರು ಒಂದು ಗಂಟೆಯಲ್ಲಿ ಬಣ್ಣ ವ್ಯಾಕ್ಯುಯೋಲ್ ಎಂಬ ಜೀರ್ಣಕೋಶದ ಪೊರೆ ಸೇರಿ ಉಂಗುರವಾಗಿ ಕಾಣುತ್ತದೆ.

ಈ ಹಾದಿಗೆ ಬೇಕಾದ ಪ್ರೋಟೀನು ಕೆಟ್ಟ ತಳಿಗಳಲ್ಲಿ ಬಣ್ಣ ನಡುವೆಯೇ ನಿಲ್ಲುತ್ತದೆ. ಯಾವ ಹಂತಕ್ಕೆ ಯಾವ ಜೀನ್ ಬೇಕೆಂದು ಸಂಶೋಧಕರು ಪತ್ತೆಹಚ್ಚುವ ಒಂದು ವಿಧಾನ ಇದು.