ಚುಕ್ಕೆಯೋ ನಕ್ಷತ್ರವೋ?

ಪಾಸ್‌ವರ್ಡ್ ಬರೆಯುವ ಚೌಕದಲ್ಲಿ ನಾವು ಒತ್ತಿದ ಅಕ್ಷರಕ್ಕೆ ಬದಲಾಗಿ ಒಂದು ಕಪ್ಪು ಚುಕ್ಕೆ ಮೂಡುವುದನ್ನು ಎಲ್ಲರೂ ಬಲ್ಲರು. ಪ್ರವೇಶಕ್ಕೆ, ಪರೀಕ್ಷಾ ಶುಲ್ಕಕ್ಕೆ, ವಿದ್ಯಾರ್ಥಿವೇತನಕ್ಕೆ ಈಗ ಇದೇ ಹೆಬ್ಬಾಗಿಲು. ಚುಕ್ಕೆಯೇ ಏಕೆ ಎಂಬ ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದಾದರೂ ವಿಚಾರಕ್ಕೆ ಯೋಗ್ಯವಾದುದೇ.

ಈ ಮರೆಯ ಗುರುತಿಗೆ ಎರಡು ಕೆಲಸಗಳುಂಟು. ಪಕ್ಕದಲ್ಲಿ ನಿಂತವನಿಗೆ ಅಕ್ಷರ ಕಾಣದಂತೆ ಮಾಡುವುದು ಒಂದು. ಬರೆಯುವವನಿಗೆ ಎಷ್ಟು ಅಕ್ಷರ ಬಿದ್ದಿತೆಂದು ತಿಳಿಸುವುದು ಇನ್ನೊಂದು. ಯೂನಿಕ್ಸ್ ಎಂಬ ವ್ಯವಸ್ಥೆ ಮೊದಲನೆಯದನ್ನೇ ಹಿಡಿದು ಏನನ್ನೂ ತೋರಿಸದೆ ಉಳಿಯಿತು. ಹೊಸಬನು ಯಂತ್ರವೇ ಕೆಟ್ಟಿತೆಂದು ತಿಳಿದರೆ ಆಶ್ಚರ್ಯವಿಲ್ಲ. ವಿಂಡೋಸ್ ಬಹುಕಾಲ ನಕ್ಷತ್ರವನ್ನು ತೋರಿಸಿ, 2001ರ ಎಕ್ಸ್‌ಪಿಯಲ್ಲಿ ಗುಂಡು ಚುಕ್ಕೆಗೆ ಬಂದಿತು. ನನ್ನ ಮತವೂ ಚುಕ್ಕೆಗೇ. ನಕ್ಷತ್ರವು ಕೀಲಿಮಣೆಯಲ್ಲಿ 8ರ ಮೇಲೆಯೇ ಕುಳಿತಿದೆ; ಅದನ್ನು ಪಾಸ್‌ವರ್ಡಿನಲ್ಲಿ ಸೇರಿಸಲೂಬಹುದು. ಆಗ ಕಂಡದ್ದು ಮರೆಯೋ, ಬರೆದ ಅಕ್ಷರವೋ ಎಂಬ ಸಂದೇಹಕ್ಕೆ ಎಡೆಯಾಗುತ್ತದೆ. ಚುಕ್ಕೆಗೆ ಸಾಮಾನ್ಯ ಕೀಲಿಮಣೆಯಲ್ಲಿ ಮನೆಯೇ ಇಲ್ಲ.

ಕನ್ನಡಕ್ಕೆ ಬಂದರೆ ಸಮಸ್ಯೆ ಸ್ವಾರಸ್ಯಕರವಾಗುತ್ತದೆ. ನಮ್ಮ ‘ಶ್ರೀಮಂಗಲ’ವನ್ನೇ ತೆಗೆದುಕೊಳ್ಳೋಣ. ಓದುವವನಿಗೆ ಇದರಲ್ಲಿ ನಾಲ್ಕು ಅಕ್ಷರಗಳು. ಯೂನಿಕೋಡಿನಲ್ಲಾದರೋ ಶ, ಹಲಂತ, ರ, ಈಕಾರದ ದೀರ್ಘ, ಮ, ಸೊನ್ನೆ, ಗ, ಲ ಎಂದು ಸಾಮಾನ್ಯವಾಗಿ ಎಂಟು ಸಂಕೇತಗಳು. ಚುಕ್ಕೆಗಳು ನಾಲ್ಕಿರಬೇಕೋ ಎಂಟಿರಬೇಕೋ? ಅಳಿಸುವ ಕೀಲಿಯನ್ನು ಒಮ್ಮೆ ಒತ್ತಿದರೆ ಎಷ್ಟು ಹೋಗುವುದೋ ಅಷ್ಟಕ್ಕೆ ಒಂದು ಚುಕ್ಕೆ ಎಂಬುದೇ ನ್ಯಾಯವೆಂದು ತೋರುತ್ತದೆ. ಇಲ್ಲವಾದರೆ ಕಣ್ಣು ಹೇಳುವುದೊಂದು, ಕೈ ಮಾಡುವುದೊಂದು.

ಆದರೆ ಶ್ರೀಮಂಗಲದಂಥ ಊರುಗಳಲ್ಲಿ ಅರ್ಜಿ ತುಂಬಿಸಲು ಕಂಪ್ಯೂಟರ್ ಅಂಗಡಿಗೆ ಬರುವ ಹಿರಿಯರು ಪಾಸ್‌ವರ್ಡನ್ನು ಗಟ್ಟಿಯಾಗಿ ಹೇಳುತ್ತಾರೆ, ಹುಡುಗನು ಒತ್ತುತ್ತಾನೆ, ಸಾಲಿನಲ್ಲಿ ನಿಂತವರೆಲ್ಲ ಕೇಳುತ್ತಾರೆ. ಆಗ ಚುಕ್ಕೆಗಳು ಮರೆಮಾಡುವುದು ಯಾರಿಂದ? ಪಾಸ್‌ವರ್ಡಿನ ಒಡೆಯರೊಬ್ಬರಿಂದಲೇ! ತಪ್ಪು ಬಿದ್ದರೆ ಅವರಿಗೆ ಅದೂ ಕಾಣದು. ಇಂಥ ಮರೆಯನ್ನೇ ನಿಲ್ಲಿಸಬೇಕೆಂದು ಜೇಕಬ್ ನೀಲ್ಸನ್ ಎಂಬ ತಜ್ಞರು 2009ರಲ್ಲಿ ವಾದಿಸಿದರು. ನಾನು ಅಷ್ಟು ದೂರ ಹೋಗಲಾರೆ. ಬಸ್ಸಿನಲ್ಲಿ ಮೊಬೈಲ್ ಹಿಡಿದವನಿಗೆ ಮರೆ ಬೇಕೇ ಬೇಕು. ಚುಕ್ಕೆಗಳ ಬದಲು ಅಕ್ಷರವನ್ನೇ ನೋಡುವ ಅವಕಾಶ ಕೊಡುವುದು ಒಳಿತೆಂದು ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ 2017ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಅನೇಕ ಕಡೆ ಚೌಕದ ಬಲತುದಿಯಲ್ಲಿ ಕಾಣುವ ಕಣ್ಣಿನ ಚಿತ್ರ ಅದಕ್ಕಾಗಿಯೇ ಇರುವುದು. ಅಂಗಡಿಯ ಹುಡುಗನು ಅದನ್ನು ಒತ್ತಿ, ಕೀಲಿಮಣೆಯನ್ನು ಹಿರಿಯರತ್ತ ಸರಿಸಿ, ಅವರು ಒಂದೊಂದೇ ಅಕ್ಷರ ಹುಡುಕಿ ಮುಗಿಸುವತನಕ ಹೊರಗಿನ ಮಳೆಯನ್ನು ನೋಡುತ್ತ ನಿಲ್ಲಬಹುದು.