ಮೆಗಾಪಿಕ್ಸೆಲ್ ಎಷ್ಟಿದ್ದರೇನು, ಬೆಳಕು ಸಿಗಬೇಕಲ್ಲ!

ಸಿದ್ಧಗಂಗೆ ಜಾತ್ರೆಗೆ ಹೋಗಿದ್ದ ಕ್ಯಾತ್ಸಂದ್ರದ ಓದುಗರೊಬ್ಬರ ಪ್ರಶ್ನೆ ಇದು. ಅವರ ಹೊಸ ಫೋನಿನಲ್ಲಿ 108 ಮೆಗಾಪಿಕ್ಸೆಲ್ ಕ್ಯಾಮೆರಾ ಇದೆ. ಹಗಲಲ್ಲಿ ತೆಗೆದ ಎತ್ತುಗಳ ಚಿತ್ರದಲ್ಲಿ ಕೊರಳ ಗೆಜ್ಜೆಗಳನ್ನೂ ಎಣಿಸಬಹುದು. ಅದೇ ಫೋನಿನಲ್ಲಿ ರಾತ್ರಿ ತೆಗೆದ ಚಿತ್ರವೆಲ್ಲ ತರಿತರಿ. ಮನೆಯವರು ಉಟ್ಟಿದ್ದ ನೇರಳೆ ಬಣ್ಣದ ರೇಷ್ಮೆ ಸೀರೆ ನೀಲಿಯಾಗಿಬಿಟ್ಟಿದೆ. ಇಷ್ಟು ಮೆಗಾಪಿಕ್ಸೆಲ್ ಇದ್ದೂ ಹೀಗೇಕೆ?

ಇಷ್ಟೊಂದು ಮೆಗಾಪಿಕ್ಸೆಲ್ ಇರುವುದೂ ಒಂದು ಕಾರಣ. ಅವರ ಊರಿಗೆ ಹೆಸರು ತಂದ ತಟ್ಟೆ ಇಡ್ಲಿಯನ್ನೇ ಇಟ್ಟುಕೊಂಡು ವಿವರಿಸುತ್ತೇನೆ. ಒಂದು ಪಾತ್ರೆಯಲ್ಲಿ ಒಂದೇ ಅಗಲವಾದ ತಟ್ಟೆ ಇದೆ. ಅಷ್ಟೇ ದೊಡ್ಡ ಇನ್ನೊಂದು ಪಾತ್ರೆಯಲ್ಲಿ ಪುಟ್ಟ ಪುಟ್ಟ ಬಟ್ಟಲುಗಳಿವೆ. ಪಾತ್ರೆಯೇ ಸೆನ್ಸರ್, ತಟ್ಟೆ ಅಥವಾ ಬಟ್ಟಲು ಒಂದೊಂದು ಪಿಕ್ಸೆಲ್, ಸುರಿಯುವ ಹಿಟ್ಟು ಬೆಳಕು. ಎರಡಕ್ಕೂ ಬಿದ್ದ ಹಿಟ್ಟು ಒಂದೇ. ಆದರೆ ಬಟ್ಟಲುಗಳ ಅಂಚಿನ ಮೇಲೆ ಬಿದ್ದದ್ದು ದಂಡ. ಬೆಂದ ಮೇಲೆ ಎಬ್ಬಿಸುವಾಗ ಪ್ರತಿಯೊಂದರ ತಳದಲ್ಲೂ ಚೂರು ಅಂಟಿಕೊಳ್ಳುತ್ತದೆ, ಎಷ್ಟು ಅಂಟೀತೆಂದು ಮೊದಲೇ ಹೇಳಲಾಗದು. ಹಿಟ್ಟು ಧಾರಾಳವಾಗಿದ್ದರೆ ಈ ಏರುಪೇರು ಗಮನಕ್ಕೇ ಬಾರದು. ಬಟ್ಟಲಿಗೆ ಒಂದೊಂದೇ ಚಮಚ ಬಿದ್ದಿದ್ದರೆ ಮಾತ್ರ ಒಂದರಲ್ಲಿ ಮುಕ್ಕಾಲು ಎದ್ದು ಬಂದರೆ ಪಕ್ಕದ್ದರಲ್ಲಿ ಕಾಲು ಭಾಗವೂ ಬರುವುದಿಲ್ಲ. ಬೆಳಕು ಬಿದ್ದು ಪಿಕ್ಸೆಲ್‌ನಲ್ಲಿ ಸೇರಿದ ವಿದ್ಯುದಂಶವನ್ನು ಅಳೆಯುವಾಗ ಆಗುವ ಈ ಏರುಪೇರಿಗೆ ತಂತ್ರಜ್ಞರು ರೀಡ್ ನಾಯ್ಸ್ ಎನ್ನುತ್ತಾರೆ. ರಾತ್ರಿಯ ತರಿತರಿಯಲ್ಲಿ ಇದರದೊಂದು ಪಾಲಿದೆ.

ಇನ್ನೊಂದು ಪಾಲು ಬೆಳಕಿನದೇ. ಬೆಳಕಿನ ಕಣಗಳಾದ ಫೋಟಾನುಗಳು ಸಾಲಾಗಿ, ಸಮನಾಗಿ ಬಂದು ಬೀಳುವುದಿಲ್ಲ. ಸರಾಸರಿ 100 ಫೋಟಾನು ಬೀಳುವ ಕಡೆ ಸುಮಾರು 10ರಷ್ಟು ಹೆಚ್ಚುಕಡಿಮೆ ಸಹಜ, ಅಂದರೆ ಶೇಕಡಾ 10. ಹತ್ತು ಸಾವಿರ ಬೀಳುವ ಕಡೆ ಹೆಚ್ಚುಕಡಿಮೆ 100. ಅದು ಶೇಕಡಾ 1 ಮಾತ್ರ. ಈ ವರ್ಗಮೂಲದ ಲೆಕ್ಕವನ್ನು ಯಾವ ಕಂಪನಿಯೂ ಮೀರಲಾರದು. ದಾರಿ ಒಂದೇ: ಹೆಚ್ಚು ಬೆಳಕು ಹಿಡಿಯಬೇಕು, ಹಿಡಿದದ್ದನ್ನು ಪೋಲು ಮಾಡಬಾರದು.

ಅರ್ಧ ಶತಮಾನದ ಸೆನ್ಸರ್ ಚರಿತ್ರೆಯೆಲ್ಲ ಈ ಪೋಲು ತಡೆಯುವ ಕಥೆ. 1969ರಲ್ಲಿ ಬೆಲ್ ಲ್ಯಾಬ್ಸ್‌ನ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಎಂಬ ಸೆನ್ಸರ್ ಬಿಲ್ಲೆಯನ್ನು ರೂಪಿಸಿದರು. 2009ರಲ್ಲಿ ಅದಕ್ಕೆ ನೊಬೆಲ್ ಬಂತು. 1980ರಲ್ಲಿ ಜಪಾನಿನ ನೊಬುಕಾಜು ತೆರಾನಿಶಿ, ಅಳತೆಯ ನಂತರ ಪಿಕ್ಸೆಲ್‌ನಲ್ಲಿ ಹಿಂದಿನ ಚಿತ್ರದ ಶೇಷ ಉಳಿಯದಂತೆ, ಬೆಳಕು ಹಿಡಿಯುವ ಭಾಗವಾದ ಫೋಟೋಡಯೋಡನ್ನು ತಿದ್ದಿ ಕಟ್ಟಿದರು. 1990ರ ದಶಕದಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ಎರಿಕ್ ಫಾಸಮ್ ಪ್ರತಿ ಪಿಕ್ಸೆಲ್‌ಗೂ ಅದರದೇ ವರ್ಧಕ ಕೊಟ್ಟರು. ಇಂದಿನ ಫೋನುಗಳ ಸಿಮೋಸ್ ಸೆನ್ಸರ್ ಬಂದದ್ದು ಅಲ್ಲಿಂದ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಿಲಿಕಾನ್ ಬಿಲ್ಲೆಯನ್ನು ಮಗುಚಿ ಹಾಕಿದ ಉಪಾಯ. ಮೊದಲು ಬೆಳಕಿಗೆ ಅಡ್ಡವಾಗಿ ತಂತಿಗಳ ಜಾಲವಿರುತ್ತಿತ್ತು. ಬಿಲ್ಲೆಯನ್ನು ಮಗುಚಿ, ತೆಳ್ಳಗೆ ಮಾಡಿದರೆ ತಂತಿಗಳು ಹಿಂದಕ್ಕೆ ಹೋಗಿ ಬೆಳಕು ನೇರವಾಗಿ ಸಿಲಿಕಾನಿಗೇ ಬೀಳುತ್ತದೆ. ಖಗೋಳ ವಿಜ್ಞಾನಿಗಳು ಮೊದಲೇ ಬಳಸುತ್ತಿದ್ದ ಇದನ್ನು ಸೋನಿ 2009ರಲ್ಲಿ ಸಾಮಾನ್ಯರ ಕ್ಯಾಮೆರಾಗಳಿಗೆ ತಂದಿತು.

ಬಣ್ಣದ ವಿಷಯ ಹೆಚ್ಚು ಜಟಿಲ. ಸಿಲಿಕಾನಿಗೆ ಬಣ್ಣವೇ ಗೊತ್ತಿಲ್ಲ, ಎಷ್ಟು ಬೆಳಕು ಬಿತ್ತೆಂಬುದಷ್ಟೇ ಗೊತ್ತು. ಅದಕ್ಕೆ ಕೊಡಾಕ್‌ನ ಬ್ರೈಸ್ ಬೇಯರ್ ಒಂದೊಂದು ಪಿಕ್ಸೆಲ್ ಮೇಲೂ ಒಂದೊಂದು ಬಣ್ಣದ ಫಿಲ್ಟರ್ ಕೂರಿಸಿದರು: ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ. 1976ರಲ್ಲಿ ಪೇಟೆಂಟ್ ಸಿಕ್ಕ ಈ ಜೋಡಣೆಯೇ ಇಂದಿಗೂ ಹೆಚ್ಚಿನ ಕ್ಯಾಮೆರಾಗಳಲ್ಲಿದೆ. ಆದರೆ ಕೆಂಪು ಫಿಲ್ಟರ್ ಹಸಿರು, ನೀಲಿಗಳನ್ನು ತಡೆಯುತ್ತದೆ, ಉಳಿದವೂ ಹಾಗೆಯೇ. ಬಂದ ಬೆಳಕಿನಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಬಾಗಿಲಲ್ಲೇ ನಿಂತುಹೋಯಿತು. ಫಿಲ್ಟರನ್ನು ಸಡಿಲಿಸಿದರೆ ಬೆಳಕು ಹೆಚ್ಚು, ಬಣ್ಣ ಕಲಸುಮೇಲೋಗರ. 2019ರಲ್ಲಿ ಹುವಾವೇ ಕಂಪನಿ ಹಸಿರಿನ ಬದಲು ಹಳದಿ ಫಿಲ್ಟರ್ ಹಾಕಿ ಶೇಕಡಾ 40 ಹೆಚ್ಚು ಬೆಳಕೆಂದು ಪ್ರಚಾರ ಮಾಡಿತು. ಹಳದಿಯ ಮೂಲಕ ಕೆಂಪೂ ಹಸಿರೂ ಎರಡೂ ಬರುತ್ತವೆ, ನಿಜ. ಹಸಿರು ಬೇಕೆಂದರೆ ಹಳದಿಯಿಂದ ಕೆಂಪನ್ನು ಕಳೆಯಬೇಕು. ಕಳೆಯುವಾಗ ಎರಡರ ತರಿಯೂ ಉತ್ತರದಲ್ಲಿ ಸೇರುತ್ತದೆ. ಪ್ರಚಾರದಲ್ಲಿ ಈ ಮಾತು ಇರಲಿಲ್ಲ.

ಬಣ್ಣ ಕಣ್ಣಿಗೆ ಕಂಡಂತೆಯೇ ಬರಬೇಕಾದರೆ ಸೆನ್ಸರಿನ ಮೂರು ಫಿಲ್ಟರುಗಳೂ ನಮ್ಮ ಕಣ್ಣಿನ ಮೂರು ಬಗೆಯ ಕೋನ್ ಕೋಶಗಳ ಸ್ಪಂದನೆಗೆ ಗಣಿತದ ಪ್ರಕಾರ ತಾಳೆಯಾಗಬೇಕು. ಜರ್ಮನಿಯ ರಾಬರ್ಟ್ ಲೂಥರ್ 1927ರಲ್ಲೇ ಹೇಳಿದ ನಿಯಮವಿದು. ಮಾರುಕಟ್ಟೆಯ ಕ್ಯಾಮೆರಾಗಳು ಅದನ್ನು ಪೂರ್ತಿ ಪಾಲಿಸುವುದಿಲ್ಲ. ನೇರಳೆ ಬೆಳಕಿನಲ್ಲಿ ನಮಗೆ ಕೆಂಪಿನ ಛಾಯೆಯೂ ಕಾಣುತ್ತದೆ, ಸೆನ್ಸರಿನ ಕೆಂಪು ಫಿಲ್ಟರ್ ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಜೊತೆಗೆ ಅಗ್ಗದ ಎಲ್‌ಇಡಿ ದೀಪಗಳಲ್ಲಿ ಗಾಢ ಕೆಂಪು ಕಡಿಮೆ. ಸೀರೆ ನೀಲಿಯಾದದ್ದು ಹೀಗೆ.

ಬೆಳಕೂ ಬೇಕು, ಬಣ್ಣವೂ ಬೇಕು ಎನ್ನುವವರು ಏನು ಮಾಡುತ್ತಾರೆಂದು ನೋಡಲು ದೂರ ಹೋಗಬೇಕಿಲ್ಲ. ಬೆಂಗಳೂರಿನಾಚೆ ಹೊಸಕೋಟೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ ಕೇಂದ್ರವಿದೆ. ಅಲ್ಲಿ ಕುಳಿತೇ ವಿಜ್ಞಾನಿಗಳು ಉಪಗ್ರಹ ಸಂಪರ್ಕದ ಮೂಲಕ ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುತ್ತಾರೆ. 2000ರ ಸೆಪ್ಟೆಂಬರಿನಲ್ಲಿ ಮೊದಲ ಬೆಳಕು ಕಂಡ 2 ಮೀಟರ್ ವ್ಯಾಸದ ದೂರದರ್ಶಕವದು. ಅದರ ಎಚ್‌ಎಫ್‌ಒಎಸ್‌ಸಿ ಉಪಕರಣದ ಸಿಸಿಡಿಯಲ್ಲಿ 2048 × 4096 ಪಿಕ್ಸೆಲ್, ಅಂದರೆ ಸುಮಾರು 8 ಮೆಗಾಪಿಕ್ಸೆಲ್ ಮಾತ್ರ! ಆದರೆ ಒಂದೊಂದು ಪಿಕ್ಸೆಲ್ 15 ಮೈಕ್ರಾನ್ ಅಗಲ. ಫೋನಿನ 0.8 ಮೈಕ್ರಾನ್ ಪಿಕ್ಸೆಲ್‌ಗೆ ಹೋಲಿಸಿದರೆ ವಿಸ್ತೀರ್ಣ 350 ಪಟ್ಟು. ಉಷ್ಣದಿಂದಲೇ ಹುಟ್ಟುವ ಸುಳ್ಳು ಸಂಕೇತ ತಗ್ಗಿಸಲು ಅದನ್ನು ದ್ರವ ಸಾರಜನಕದಿಂದ ತಣ್ಣಗಿಡುತ್ತಾರೆ. ಪಿಕ್ಸೆಲ್ ಮೇಲೆ ಬಣ್ಣದ ಫಿಲ್ಟರೇ ಇಲ್ಲ. ಬಣ್ಣ ಬೇಕಾದಾಗ ಸೆನ್ಸರಿನ ಮುಂದೆ ಒಂದೊಂದೇ ಫಿಲ್ಟರ್ ತಂದು, ಪ್ರತಿಯೊಂದಕ್ಕೂ ಬೇರೆ ಚಿತ್ರ ತೆಗೆಯುತ್ತಾರೆ. ಪ್ರತಿ ಬಣ್ಣಕ್ಕೂ ಇಡೀ ಸೆನ್ಸರ್ ಸಿಗುತ್ತದೆ. ಬೆಲೆಯಾಗಿ ಕೊಡುವುದು ಸಮಯವನ್ನು.

ಜಾತ್ರೆಯಲ್ಲಿ ಜನ ಅಷ್ಟು ಹೊತ್ತು ಅಲುಗಾಡದೆ ನಿಲ್ಲುವುದಿಲ್ಲ. ಆದರೂ ಸೂತ್ರ ಅದೇ. ಫೋನನ್ನು ಗೋಡೆಗೋ ಕಂಬಕ್ಕೋ ಒತ್ತಿ ಹಿಡಿದು ನೈಟ್ ಮೋಡ್ ಹಾಕಿ: ಅದು ಹಲವು ಚಿತ್ರ ತೆಗೆದು ಸರಾಸರಿ ಮಾಡುತ್ತದೆ, ತರಿ ಇಳಿಯುತ್ತದೆ. 108ರ ಮೋಡ್ ಬೇಡ. ಒಂಬತ್ತು ಪಿಕ್ಸೆಲ್ ಕೂಡಿಸಿ ಒಂದು ಮಾಡುವ 12 ಮೆಗಾಪಿಕ್ಸೆಲ್ ಮೋಡನ್ನು ತಯಾರಕರೇ ಇಟ್ಟಿರುತ್ತಾರೆ. ಕತ್ತಲಲ್ಲಿ ದೊಡ್ಡ ಪಿಕ್ಸೆಲ್ಲೇ ಮೇಲೆಂದು ಅವರೇ ಒಪ್ಪಿದಂತಾಯಿತಲ್ಲ. ಮುಂದಿನ ಸಲ ಅಂಗಡಿಗೆ ಹೋದಾಗ ಮೆಗಾಪಿಕ್ಸೆಲ್ ಎಷ್ಟು ಎನ್ನುವ ಬದಲು ಸೆನ್ಸರ್ ಎಷ್ಟು ದೊಡ್ಡದು, ಲೆನ್ಸಿನ ಕಿಂಡಿ ಎಷ್ಟು ಅಗಲವೆಂದು ತಿಳಿಸುವ ಎಫ್ ಸಂಖ್ಯೆ ಎಷ್ಟು ಎಂದು ಕೇಳಿ. ಕೊಳ್ಳುವವರೆಲ್ಲ ಹೀಗೆ ಕೇಳತೊಡಗಿದರೆ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಆ ಅಂಕಿಗಳೇ ಬರುತ್ತವೆ.